ಉಡ ಹೊಕ್ಕ ಮನೆಯ ಎರಡು ವಾರ್ಡ್‌ರೋಬುಗಳು

ಲಂಡನ್ನಿನ ಹ್ಯಾರೋದ ನಮ್ಮ ಮನೆಯಲ್ಲಿ ಓಕ್ ಮರದ ಎರಡು ವಾರ್ಡ್‌ರೋಬುಗಳಿದ್ದವು. ಇಂಗ್ಲೆಂಡಿಗೆ ಬಂದ ಹೊಸದರಲ್ಲಿ, ಯಾರೋ ಮುದುಕಿ ತೀರಿಕೊಂಡು ಅವಳ ಮನೆ ಖಾಲಿ ಮಾಡುವಾಗ ಕೊಂಡದ್ದು. ನಮ್ಮ ಮೈಸೂರಿನ ಕಾನ್ವೆಂಟಿನಲ್ಲಿ ಅಸೆಂಬ್ಲಿಯ ಹೊತ್ತಿಗೆ ಇಬ್ಬರು ಹಿರಿಯ ಸಿಸ್ಟರ್‌ಗಳು ಕೈಕಟ್ಟಿ ನಿಲ್ಲುತ್ತಿದ್ದರಲ್ಲ, ಹಾಗೆ ಬೆಡ್‌ರೂಮಿನ ಗೋಡೆಗೆ ಬೆನ್ನು ಕೊಟ್ಟು ನಿಂತಿರುತ್ತಿದ್ದವು. ಒಂದರಲ್ಲಿ ನನ್ನ ರೇಷ್ಮೆ ಸೀರೆ, ಇನ್ನೊಂದರಲ್ಲಿ ದಿನಬಳಕೆಯವು ಮತ್ತು ಗಂಡನ ಸೂಟುಗಳು. ಈಗ ಎರಡೂ ಇಲ್ಲ. ಒಂದನ್ನು ನನ್ನ ಗಂಡ ಗರಗಸ ಹಾಕಿ ಕೊಯ್ದರು, ಇನ್ನೊಂದನ್ನು ನನ್ನ ಮಗಳು ಕೊಯ್ದಳು. ಎರಡು ಸಲವೂ ನಾನು ಸೀರೆಗಳನ್ನು ಮಡಿಲಲ್ಲಿ ಇಟ್ಟುಕೊಂಡು ನೋಡುತ್ತ ಕೂತಿದ್ದೆ.

ನಮ್ಮದು ಸಿಟ್ಟಿನ ಮನೆ. ಹೊರಗಿನವರಿಗೆ ಅದು ಗೊತ್ತಿರಲಿಲ್ಲ. ಗಂಡ ಬಿಜಾಪುರದ ಕಡೆಯವರು, ಮಕ್ಕಳ ಡಾಕ್ಟರು. ತಿಂಗಳು ತುಂಬದೆ ಹುಟ್ಟಿದ, ಅಂಗೈಯಷ್ಟೇ ಇರುವ ಕೂಸುಗಳನ್ನು ಇನ್‌ಕ್ಯುಬೇಟರಿನಲ್ಲಿಟ್ಟು ಉಳಿಸುವುದು ಅವರ ಕೆಲಸ. ಆ ಕೈ ಹತ್ತಿಯ ಹಾಗೆ ಎಂದು ವಾರ್ಡಿನ ನರ್ಸುಗಳು ನನ್ನ ಮುಂದೆ ಹೊಗಳುತ್ತಿದ್ದರು. ಹತ್ತಿಯಂಥ ಆ ಕೈ ಮನೆಗೆ ಬಂದು ಸ್ಟೀಲಿನ ತಾಟು ಬೀಸುತ್ತಿತ್ತು. ಅಡುಗೆಮನೆಯ ಬಾಗಿಲಲ್ಲಿ ಅದರ ಅಂಚು ಕಡಿದ ಗುರುತು ಈಗಲೂ ಇದೆ, ಬಣ್ಣ ಬಳಿದರೂ ಕಾಣುತ್ತದೆ. ತಾಟು ಬಾಗಿಲಿಗೇ ಬಡಿಯಿತು ಅಂದರೆ ಆ ದಿನ ನಾನು ಸಮಯಕ್ಕೆ ಸರಿಯಾಗಿ ಬಗ್ಗಿದ್ದೆ ಎಂದು ಅರ್ಥ. ಬಗ್ಗದ ದಿನಗಳೂ ಇದ್ದವು.

ಮಗಳು ಅವರ ಅಚ್ಚು. ಮೂಗು ಅವರದು, ಟೆಂಪರ್ ಅವರದು. ಕಾಲೇಜಿಗೆ ಸೇರುವ ವರ್ಷ ಊಟದ ಟೇಬಲ್ಲಿನಲ್ಲಿ, ತಾನು ಮೆಡಿಸಿನ್ ಓದುವುದಿಲ್ಲ ಎಂದಳು. ಅವರು ಎದ್ದು ಕೆನ್ನೆಗೆ ಹೊಡೆದರು. ಅವಳು ಸಾರಿನ ಪಾತ್ರೆಯಿಂದ ಸೌಟು ಕಿತ್ತು ಅಪ್ಪನ ಮುಖಕ್ಕೆ ಬೀಸಿದಳು. ಹುಬ್ಬು ಸೀಳಿತು. ಸಾರೂ ರಕ್ತವೂ ಒಟ್ಟಿಗೇ ಗದ್ದದಿಂದ ತೊಟ್ಟಿಕ್ಕುತ್ತಿದ್ದದ್ದನ್ನು ನಾನು ಹೇಗೆ ಮರೆಯಲಿ?

"ಹಡೆದಪ್ಪಗ ಹೊಡೀತೀ?" ಎಂದರು.

"ಯೂ ಹಿಟ್ ಮಿ ಫಸ್ಟ್," ಎಂದಳು.

ಅದೇ ವಾರ ಮನೆ ಬಿಟ್ಟಳು. ಆಮೇಲೆ ಬರುತ್ತಿದ್ದದ್ದು ಯುಗಾದಿಗೆ, ದೀಪಾವಳಿಗೆ, ಅದೂ ಕೋಟು ಬಿಚ್ಚದೆ ಹೋಳಿಗೆ ತಿಂದು ಹೊರಡುವ ನೆಪಮಾತ್ರದ ಭೇಟಿ. ನನಗೆ ಇದ್ದದ್ದು ಅವಳೊಬ್ಬಳು. ಅವಳು ಮತ್ತೆ ಈ ಸೂರಿನ ಕೆಳಗೆ ಮಲಗಿ ಎದ್ದರೆ ಸಾಕು ಎಂಬುದಕ್ಕಿಂತ ಬೇರೆ ಆಸೆ ಆ ವರ್ಷಗಳಲ್ಲಿ ನನಗೆ ಇರಲಿಲ್ಲ.

ಶತಮಾನ ಬದಲಾದ ಆಸುಪಾಸಿನ ಒಂದು ಚಳಿಗಾಲ ಅವಳ ಫೋನ್ ಬಂತು. ಆಗ ಕ್ಯಾನರಿ ವಾರ್ಫ್‌ನ ಒಂದು ಬ್ಯಾಂಕಿನಲ್ಲಿ ಕೆಲಸ, ಅಲ್ಲೇ ಹತ್ತಿರ ಬಾಡಿಗೆ ಫ್ಲಾಟು.

"ಅಮ್ಮಾ, ಸ್ವಲ್ಪ ದಿನ ಮನೆಗೆ ಬರ್ಲಾ?"

"ಬರ್ಲಾ ಅಂತ ಕೇಳ್ತಾರೇನೆ, ಸಿಲ್ಲಿ ಗರ್ಲ್!"

"ನಾನೊಬ್ಳೇ ಅಲ್ಲ."

"ಯಾರು? ಇಂಗ್ಲಿಷ್ ಹುಡುಗನಾ?"

"ಇಲ್ಲಮ್ಮಾ. ನಾನು ಸಾಕಿರೋ ಎರಡು ಲಿಜರ್ಡ್. ಲ್ಯಾಂಡ್‌ಲಾರ್ಡ್ ನೋಡ್ಬಿಟ್ಟ. ಔಟ್ ಅಂದ."

ಹುಡುಗನಲ್ಲವಲ್ಲ ಎಂದು ಸಮಾಧಾನಪಟ್ಟದ್ದು ಈಗ ನೆನೆದರೆ ನಗು ಬರುತ್ತದೆ. ಅವಳು ಕಾರಿನಿಂದ ಇಳಿಸಿದ ಎರಡು ದಿಂಬಿನ ಚೀಲಗಳು ಹಾಲ್‌ನ ಕಾರ್ಪೆಟ್ಟಿನ ಮೇಲೆ ತಾವಾಗಿಯೇ ಉಬ್ಬಿ ಇಳಿಯುತ್ತಿದ್ದವು. ಗಂಟು ಬಿಚ್ಚಿದಾಗ ಮೊದಲು ಬಂದದ್ದು ಸೀಳು ನಾಲಗೆ. ಹಿಂದೆಯೇ ಮಣ್ಣಿನ ಬಣ್ಣದ ತಲೆ, ಸುಕ್ಕು ಕತ್ತು, ನನ್ನ ಮುಂಗೈ ದಪ್ಪದ ಬಾಲ. ಅದು ಬಾಲ ಬೀಸಿದ ರಭಸಕ್ಕೆ ಕೊಡೆಗಳ ಸ್ಟ್ಯಾಂಡ್ ಮಗುಚಿತು.

"ಏ, ಇದು ಉಡ ಅದಲ್ಲೇ!" ಎಂದು ಗಂಡ ಕುರ್ಚಿಯಿಂದ ಎದ್ದೇಬಿಟ್ಟರು.

ನಾನು ಎರಡು ಹೆಜ್ಜೆ ಹಿಂದೆ ಸರಿದೆ. ನಮ್ಮ ಕಡೆ ಉಡ ಹೊಕ್ಕ ಮನೆಯಲ್ಲಿ ಇರಬಾರದು ಎನ್ನುತ್ತಾರೆ. ಶಾಂತಿ ಮಾಡಿಸಬೇಕು, ಇಲ್ಲವೇ ಬೀಗ ಹಾಕಿ ಕೆಲಕಾಲ ಬೇರೆ ಕಡೆ ಹೋಗಬೇಕು. ಬೇಲಿ ಹಾರಿ ಬಂದ ಉಡಕ್ಕೇ ಹಾಗಾದರೆ, ಮಗಳೇ ದಿಂಬಿನ ಚೀಲದಲ್ಲಿ ಹೊತ್ತು ತಂದದ್ದಕ್ಕೆ ಏನು ಮಾಡಬೇಕು? ನಮ್ಮ ಕನ್ನಡದ ಗೆಳತಿಯೊಬ್ಬರಿಗೆ ಫೋನಿನಲ್ಲಿ ಹೇಳಿದೆ. "ಬೇಜಾರ್ ಮಾಡ್ಕೋಬೇಡಿ ರೀ, ಈ ಸಲ ಭಜನೆ ನಮ್ಮನೇಲೇ ಇಟ್ಕೊಳ್ಳೋಣ," ಎಂದರು. ಅವರು ಆಮೇಲೆ ನಮ್ಮ ಹೊಸಿಲು ತುಳಿಯಲೇ ಇಲ್ಲ.

ಆ ಸಂಜೆ ಅಪ್ಪ ಮಗಳು ಎದುರುಬದುರು ಕೂತು ಕರಾರು ಮಾಡಿಕೊಂಡರು.

"ಈ ಮನ್ಯಾಗ ಒಂದ ಹನಿ ರಕ್ತ ಬಿತ್ತಂದ್ರ ಇವು ಹೊರಗ. ತಿಳೀತಿಲ್ಲೋ?"

"ಫೈನ್. ಇವು ಹೋದ್ರೆ ನಾನೂ ಹೋಗ್ತೀನಿ. ಅಂಡ್ ಐ ವೋಂಟ್ ಕಮ್ ಬ್ಯಾಕ್, ಅಪ್ಪಾ."

ಯುಗಾದಿಗೂ ಬರುವುದಿಲ್ಲ ಎಂದು ನನಗೆ ಕೇಳಿಸಿತು. ಅವಳು ಸುಮ್ಮನೆ ಹೇಳುವವಳಲ್ಲ.

ಇವುಗಳಿಗೊಂದು ಮನೆ ಆಗಬೇಕಿತ್ತು. ಅಲ್ಲಿ ನಮ್ಮ ಯಜಮಾನರು ಮುಂದೆ ಬಿದ್ದರು. ರಿಟೈರ್ ಆದಮೇಲೆ ಆ ಕೈಗಳಿಗೆ ಕೆಲಸವಿರಲಿಲ್ಲ. ಮೊದಲ ವಾರ್ಡ್‌ರೋಬನ್ನು ಬೆನ್ನ ಮೇಲೆ ಮಲಗಿಸಿ ಪಕ್ಕೆಯನ್ನು ಕೊಯ್ದು, ಅಲ್ಲಿಗೆ ಗಾಜು ಕೂರಿಸಿದರು. ಒಳಗೆಲ್ಲ ಥರ್ಮೊಕೋಲ್ ಒತ್ತಿದರು. ತಳಕ್ಕೆ ಆಸ್ಪತ್ರೆಯ ನೆಲದಂಥ ಬಿಳಿ ವಿನೈಲ್ ಹಾಳೆ. ಬೆಳಕಿಲ್ಲದೆ ಶಾಖ ಕೊಡುವ ಪಿಂಗಾಣಿಯ ಹೀಟರುಗಳು ನಾಲ್ಕೂ ಮೂಲೆಗೆ. ಬಿಸಿಗಾಳಿ ಎಲ್ಲ ಕಡೆ ಸಮವಾಗಿ ಸುತ್ತಲೆಂದು ಚಿಕ್ಕ ಫ್ಯಾನು. ಗಾಳಿಯಾಡುವ ತೂತಿಗೂ ಹತ್ತಿ ಗಿಡಿದರು. ನಾನು ನೋಡುತ್ತಲೇ ಇದ್ದೆ: ಅದು ಉಡದ ಪೆಟ್ಟಿಗೆಯಾಗಿರಲಿಲ್ಲ, ಅವರು ಇಡೀ ಆಯುಷ್ಯ ಬಗ್ಗಿ ನಿಂತಿದ್ದ ಇನ್‌ಕ್ಯುಬೇಟರ್ ಆಗಿತ್ತು.

ಮಗಳು ಕೆಲಸದಿಂದ ಬಂದವಳು ಒಳಗೆ ಕೈಹಾಕಿ ನೋಡಿದಳು.

"ಅಪ್ಪಾ, ಹೀಗಲ್ಲ. ಒಂದ್ ಎಂಡ್ ಹಾಟ್, ಒಂದ್ ಎಂಡ್ ಕೂಲ್ ಇರ್ಬೇಕು. ದೇ ಚೂಸ್. ಆಮೇಲೆ ಮಣ್ಣು ಬೇಕು, ಡೀಪ್ ಆಗಿ."

"ಮಣ್ಣ? ಇನ್‌ಫೆಕ್ಷನ್ ಆಗ್ತದ."

"ಅವು ಮಣ್ಣಲ್ಲೇ ಇರೋದು!"

"ನನಗ ಕಲಿಸಬ್ಯಾಡ. ಕಾವು ಅಂದ್ರ ಏನಂತ ನನಗ ಹೇಳ್ತೀ? ಅಂಗೈ ಮ್ಯಾಲಿನ ಕೂಸಿಗೆ ಕಾವು ಕೊಟ್ಟಾಂವ ನಾನು. ಒಂದ ಮೂಲ್ಯಾಗ ತಂಪ ಗಾಳಿ ಹೊಕ್ಕರ ಕೂಸು ಉಳೀತಿರಲಿಲ್ಲ. ನಿನ್ನ ಪುಸ್ತಕದಾಗ ಏನ ಬರದಾರ? ಬಿಸಿಲು ಬೇಕು ಅಂತ ಅದ ಇಲ್ಲೋ? ಬಿಜಾಪುರದ ಬ್ಯಾಸಿಗಿ ಮಧ್ಯಾಹ್ನ ಇದರಾಗ ತುಂಬೀನಿ."

ಅವರ ಹಣೆಯ ನರ ಎದ್ದಿತ್ತು. ಹುಬ್ಬಿನ ಹಳೆಯ ಗಾಯ ಬೆಳ್ಳಗಾಗಿತ್ತು. ಅವಳ ಬೆರಳುಗಳು ಟೇಬಲ್ ಮೇಲಿದ್ದ ಸ್ಕ್ರೂಡ್ರೈವರಿನ ಹತ್ತಿರ ಹೋಗಿ ನಿಂತದ್ದನ್ನು ನೋಡಿದೆ. ಅವಳು ನನ್ನ ಮುಖ ನೋಡಿದಳು. ನನ್ನ ಮುಖದಲ್ಲಿ ಏನು ಕಂಡಳೋ, ಕೈ ಹಿಂದೆ ತೆಗೆದುಕೊಂಡಳು.

"ಫೈನ್. ಯೂ ಆರ್ ದ ಡಾಕ್ಟರ್," ಎಂದು ಮೇಲೆ ಹೋಗಿ ಬಾಗಿಲು ಹಾಕಿಕೊಂಡಳು. ಆ ಸದ್ದಿಗೆ ದೇವರ ಮನೆಯ ಗಂಟೆ ಅಲ್ಲಾಡಿತು.

ಬೆಳಗ್ಗೆ ಅವಳು ಟ್ಯೂಬ್ ರೈಲಿಗೆ ಓಡಿದ ಮೇಲೆ ಆ ಪ್ರಾಣಿಗಳ ಜೊತೆ ಉಳಿಯುತ್ತಿದ್ದವರು ನಾವಿಬ್ಬರೇ. ಅವುಗಳ ಊಟ ನನ್ನ ಪಾಲಿಗೆ ಬಂತು. ಈರುಳ್ಳಿ ಹೆಚ್ಚಿದ ದಿನ ದೇವರ ದೀಪ ಹಚ್ಚದ ಮನೆ ನಮ್ಮದು. ಗ್ಯಾರೇಜಿನಲ್ಲಿ ಬೇರೆ ಫ್ರೀಜರ್ ಇಟ್ಟು ಅದರಲ್ಲಿ ಸತ್ತ ಇಲಿಗಳು. ಒಂದೊಂದನ್ನೇ ಬಿಸಿನೀರಿನ ಜಾಡಿಯಲ್ಲಿ ಮೆತ್ತಗೆ ಮಾಡಿ ಇಕ್ಕಳದಲ್ಲಿ ಹಿಡಿದು ಕೊಡಬೇಕು. ದೊಡ್ಡ ಉಡ ಸತ್ತ ಇಲಿಯನ್ನೂ ಸತ್ತದ್ದೆಂದು ಒಪ್ಪುತ್ತಿರಲಿಲ್ಲ. ನಡುವಿಗೆ ಹಿಡಿದು ಗಾಜಿಗೆ ಎಡಬಲ ಎಡಬಲ ಅಪ್ಪಳಿಸಿ, ಎಲುಬು ಮುರಿದ ಸದ್ದು ನನಗೂ ಕೇಳಿಸಿದ ಮೇಲೆಯೇ ನುಂಗುತ್ತಿತ್ತು. ಮೊದಲ ದಿನ ಸಿಂಕಿಗೆ ಓಡಿ ವಾಂತಿ ಮಾಡಿದೆ. ಕೆಲವು ದಿನಗಳ ಮೇಲೆ ಕಾಫಿ ಲೋಟ ಹಿಡಿದುಕೊಂಡೇ ನೋಡುತ್ತಿದ್ದೆ. ನಮ್ಮ ಕಾನ್ವೆಂಟಿನ ಸಿಸ್ಟರ್ ನೋಡಿದ್ದರೆ ವಾಟ್ ಹ್ಯಾಸ್ ಬಿಕಮ್ ಆಫ್ ಯು ಚೈಲ್ಡ್ ಅನ್ನುತ್ತಿದ್ದರು.

ಹೊಸ ಪೆಟ್ಟಿಗೆಗೆ ಹೋದ ಮೇಲೆ ಅವುಗಳ ನಡತೆ ಬೇರೆಯಾಯಿತು. ಇಡೀ ದಿನ ಗಾಜಿಗೆ ಮೂಗು ತಿಕ್ಕುತ್ತಿದ್ದವು. ಮೂಗಿನ ತುದಿ ಸುಲಿದು, ಗಾಜಿನ ಮೇಲೆ ಕೆಂಪು ಗೆರೆಗಳು. ಚಿಕ್ಕ ಉಡ ಒಂದೇ ಮೂಲೆ ಹಿಡಿದು ವಿನೈಲನ್ನು ಪರಪರ ಕೆರೆಯುತ್ತಿತ್ತು. ದೊಡ್ಡದು ಬಾಯಿ ತೆರೆದು ಗಂಟಲು ಉಬ್ಬಿಸಿ ಬುಸ್ಸೆನ್ನುತ್ತಿತ್ತು, ಯಾರೂ ಎದುರಿಗಿಲ್ಲದಾಗಲೂ.

"ರೀ, ಇವು ಏನೋ ಸಂಕಟ ಪಡ್ತಿವೆ," ಎಂದೆ.

"ಜಾಗ ಹೊಸದು. ಹೊಂದಿಕೋತಾವ. ನೀ ಹೊಂದಿಕೊಳ್ಳಲಿಲ್ಲ?" ಎಂದರು.

ನಾನು ಅಡುಗೆಮನೆಗೆ ಹೋಗಿ ಇಲಿಯ ಜಾಡಿಗೆ ನೀರು ಕಾಸಲಿಟ್ಟೆ.

ಒಂದು ಮಧ್ಯಾಹ್ನ ನಾನು ಕೊತ್ತಂಬರಿ ಸೋಸುತ್ತಿದ್ದಾಗ ಪೆಟ್ಟಿಗೆಯೊಳಗಿಂದ ಧಡಧಡ ಸದ್ದು. ಹೋಗಿ ನೋಡಿದರೆ ದೊಡ್ಡದು ಚಿಕ್ಕದರ ಮುಂಗಾಲನ್ನು ಬುಡಕ್ಕೆ ಹಿಡಿದುಕೊಂಡು, ಇಲಿಯನ್ನು ಬಡಿದ ಹಾಗೆಯೇ ಬಡಿಯುತ್ತಿತ್ತು. ಬಿಳಿ ವಿನೈಲಿನ ಮೇಲೆ ರಕ್ತ ಎಳೆದಾಡಿತ್ತು. ನಾನು ಕಿರುಚಿದೆ. ಗಂಡ ಓಡಿ ಬಂದವರು ಗಾಜು ಸರಿಸಿ ಬರಿಗೈ ಹಾಕಿದರು.

ಅದು ಚಿಕ್ಕದನ್ನು ಬಿಟ್ಟು ಅವರನ್ನು ಹಿಡಿಯಿತು. ಹೆಬ್ಬೆರಳಿನ ಬುಡಕ್ಕೆ. ಹಿಡಿದು ಮೈ ತಿರುಚಿತು.

ಅವರು ಕೂಗಿದ ಕೂಗನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಕೂಗಿಸುವುದಷ್ಟೇ ಅವರಿಗೆ ಗೊತ್ತಿದ್ದದ್ದು. ಕೈ ಹೊರಗೆಳೆದರೆ ಅದರ ಜೊತೆ ಉಡವೂ ಬಂತು, ಮೊಣಕೈಗೆ ಉಗುರು ಊರಿ, ಬಾಲದಿಂದ ಅವರ ತೊಡೆಗೆ ಬಾರಿಸುತ್ತ. ಅವರು ಅದನ್ನು ಗೋಡೆಗೆ ಬಡಿದರು. ಬಡಿದಷ್ಟೂ ಹಲ್ಲು ಒಳಗಿಳಿಯಿತು. "ಚೂರಿ ತಾ! ಇದರ ಕುತ್ತಿಗಿ ಕೊಯ್ತೀನಿ, ಚೂರಿ ತಾ!"

ಕೊತ್ತಂಬರಿ ಹೆಚ್ಚುವ ಚೂರಿ ನನ್ನ ಕೈಯಲ್ಲೇ ಇತ್ತು. ಕೊಟ್ಟರೆ ಉಡ ಸಾಯುತ್ತದೆ, ಮಗಳು ಹೋಗುತ್ತಾಳೆ. ಚೂರಿಯನ್ನು ನನ್ನ ಹಿಂದೆ ಹಾಲ್‌ಗೆ ಎಸೆದು, ಕಾರ್ಡ್‌ಲೆಸ್ ಫೋನ್ ಎತ್ತಿ ಮಗಳ ಆಫೀಸಿಗೆ ಮಾಡಿದೆ.

"ಎಳೀಬೇಡಿ!" ಎಂದು ಅವಳು ಕಿರುಚಿದಳು. "ಡೋಂಟ್ ಪುಲ್! ತಣ್ಣೀರು ಅಮ್ಮಾ, ಬಾತ್‌ಟಬ್. ಕೈ ಸಮೇತ ಮುಳುಗ್ಸಿ! ಐ ಆಮ್ ಕಮಿಂಗ್."

ಗಂಡನ ಕಾಲರ್ ಹಿಡಿದು ಮೆಟ್ಟಿಲು ಹತ್ತಿಸಿದೆ. ಆ ಮನುಷ್ಯನ ಕಾಲರಿಗೆ ನಾನು ಕೈಹಾಕಿದ್ದು ಅದೇ ಮೊದಲು. ತಣ್ಣೀರಿನ ನಲ್ಲಿ ಪೂರ್ತಿ ತಿರುಗಿಸಿ, ಅವರನ್ನು ಟಬ್ಬಿನ ಪಕ್ಕ ಮೊಣಕಾಲೂರಿಸಿ, ಕೈಯನ್ನೂ ಉಡವನ್ನೂ ಒಟ್ಟಿಗೆ ಒತ್ತಿ ಹಿಡಿದೆ. ಜನವರಿಯ ಲಂಡನ್ನಿನ ನೀರು. ನೀರು ಗುಲಾಬಿ ಬಣ್ಣಕ್ಕೆ ತಿರುಗಿತು, ಮೆಲ್ಲಗೆ ಕಡುವಾಯಿತು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ದವಡೆ ಸಡಿಲವಾಯಿತು.

ಕೈ ಕಿತ್ತುಕೊಂಡು ಅವರು ಹಿಂದಕ್ಕೆ ಬಿದ್ದರು. ನಾನು ಟವೆಲ್ ಹಿಡಿದು ಇನ್ನೊಂದು ದಾಳಿಗೆ ಸಿದ್ಧಳಾಗಿ ನಿಂತೆ. ಉಡ ಹಾಯಲೇ ಇಲ್ಲ. ಹೊಟ್ಟೆಯನ್ನು ಟಬ್ಬಿನ ತಳಕ್ಕೆ ಅಂಟಿಸಿ, ನಾಲ್ಕೂ ಕಾಲು ಚೆಲ್ಲಿ, ಗದ್ದವನ್ನು ತಣ್ಣೀರಿನಲ್ಲಿಟ್ಟು ಕಣ್ಣು ಮುಚ್ಚಿತು. ಗಂಟಲಿನ ಪಟಪಟ ಬಡಿತ ನೋಡನೋಡುತ್ತ ನಿಧಾನವಾಯಿತು.

ಗಂಡ ಟೈಲ್ಸಿನ ಮೇಲೆ ಕೂತೇ ಅದನ್ನು ನೋಡುತ್ತಿದ್ದರು.

"ಇದಕ್ಕ ಸೆಕಿ ಆಗಿತ್ತು," ಎಂದರು.

"ಏನಂದ್ರಿ?"

"ಸೆಕಿ. ಕೂಸಿಗೆ ಕಾವು ಹೆಚ್ಚಾತು ಅಂದ್ರ ಹಿಂಗ ಬಾಯಿ ತಗೀತದ, ಕೈಕಾಲ ಬಡೀತದ. ಅದಕ್ಕ ಎದ್ದು ಹೋಗಾಕ ಬರೂದಿಲ್ಲ, ಅದಕ್ಕ ನಾವು ಕಾಯ್ತೀವಿ. ಇವು ಎದ್ದು ಹೋಗೂ ಪ್ರಾಣಿ. ಎಲ್ಲಿಗೆ ಹೋಗ್ಬೇಕಿತ್ತು? ನಾಲ್ಕೂ ಮೂಲಿಗೆ ನಾ ಬೆಂಕಿ ಇಟ್ಟೀನಿ. ಬಿಜಾಪುರದ ಬ್ಯಾಸಿಗಿ ಮಧ್ಯಾಹ್ನ ಉಡ ಎಲ್ಲಿರ್ತದ ಗೊತ್ತದೇನು? ಬಿಲದಾಗ. ಸಣ್ಣಾಂವ ಇದ್ದಾಗ ನಾನ ಕೋಲು ಹಾಕಿ ಎಬ್ಬಿಸೀನಿ."

ಅಷ್ಟರಲ್ಲಿ ಚಿಕ್ಕದರ ನೆನಪಾಗಿ ಎದ್ದು ಕೆಳಗೆ ಓಡಿದರು. ನಾನು ನಲ್ಲಿ ನಿಲ್ಲಿಸಿ, ಬಾತ್‌ರೂಮಿನ ಬಾಗಿಲು ಎಳೆದುಕೊಂಡು ಹಿಂದೆಯೇ ಹೋದೆ.

ಅದು ತನ್ನ ಮೂಲೆಯಲ್ಲೇ ಇತ್ತು. ಬಾಯಿ ತೆರೆದಿತ್ತು. ಗಂಡ ಎತ್ತಿ ಒದ್ದೆ ಟವೆಲ್ಲಿನಲ್ಲಿ ಸುತ್ತಿದರು, ಒಳ್ಳೆಯ ಕೈಯ ಎರಡು ಬೆರಳುಗಳಿಂದ ಎದೆ ಒತ್ತಿದರು, ಕೂಸಿಗೆ ಒತ್ತುವ ಹಾಗೆ, ಅಷ್ಟೇ ಹಗುರಾಗಿ. ಉಡ ಕಚ್ಚಿದ ಕೈಯಿಂದ ಟವೆಲ್ ಮೇಲೆ ರಕ್ತ ಸುರಿಯುತ್ತಿತ್ತು. ಅದು ಮಿಸುಕಲಿಲ್ಲ. ಅದು ಮಲಗಿದ್ದ ಜಾಗದಲ್ಲಿ ವಿನೈಲ್ ಹರಿದು, ಥರ್ಮೊಕೋಲ್ ಪುಡಿಯಾಗಿ, ಓಕ್ ಮರದಲ್ಲಿ ಬಟ್ಟಲಿನಷ್ಟು ಗುಳಿ ಬಿದ್ದಿತ್ತು. ಉಗುರುಗಳ ತುದಿ ಮುರಿದಿದ್ದವು.

"ಬಿಲ ತೋಡಾಕ ನೋಡ್ಯದ," ಎಂದರು. "ಕಟಗ್ಯಾಗ."

ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗೋಣ ನಡೀರಿ ಎಂದೆ. ಕೇಳಲಿಲ್ಲ. ಕೈಗೆ ನನ್ನ ಹತ್ತಿ ಸೀರೆಯ ತುಂಡು ಬಿಗಿದು ಕಟ್ಟಿಸಿಕೊಂಡು, ಹೀಟರಿನ ಸ್ವಿಚ್ಚು ಆರಿಸಿ, ಪೆಟ್ಟಿಗೆಯ ಮುಂದೆ ಸ್ಟೂಲ್ ಹಾಕಿಕೊಂಡು ಕೂತರು. ನಾನು ಬೇಡಿಕೊಂಡೆ. "ನೋಡಿ, ರಕ್ತ ಬಿತ್ತು, ಕರಾರಿನಂತೆ ಉಳಿದದ್ದೂ ಹೋಗಲಿ ಅಂತ ದಯವಿಟ್ಟು ಹೇಳ್ಬೇಡಿ. ನಾನು ನೆಲ ಒರೆಸಿಬಿಡ್ತೀನಿ. ಚಿಕ್ಕದನ್ನ ದೊಡ್ಡದೇ ಕೊಂದಿತು ಅಂದ್ರೆ ಸಾಕು. ಅವಳಿಗೆ ಗೊತ್ತಾಗಲ್ಲ."

"ಬಾಯಿ ಮುಚ್ಚು," ಎಂದರು. ಧ್ವನಿ ಏರಿಸದೆ.

ಮಗಳು ಬಂದಾಗ ಇನ್ನೂ ಬೆಳಕಿತ್ತು. ಕೋಟೂ ಬಿಚ್ಚದೆ ಒಳಗೆ ಬಂದು, ಟವೆಲ್ಲಿನಲ್ಲಿದ್ದದ್ದನ್ನು ನೋಡಿದಳು. ಅದರ ಪಕ್ಕ ಮಂಡಿಯೂರಿ ಕಾಲು ಮುಟ್ಟಿದಳು, ಉಗುರು ಮುಟ್ಟಿದಳು.

"ದೊಡ್ಡದು ಮಾಡ್ತಾ?"

ನಾನು ಬಾಯಿ ತೆರೆದೆ. ಅವರು ಮುಂಚೆಯೇ ಹೇಳಿಬಿಟ್ಟರು. "ಅದು ಕಾಲು ಹರದದ, ಅಷ್ಟ. ಕೊಂದಾಂವ ನಾನು. ಕಾವು ಹೆಚ್ಚಾತು. ನೀ ಹೇಳಿದ್ದಿ. ನಾ ಕೇಳಲಿಲ್ಲ."

ಅವಳು ಎದ್ದಳು. ಟೂಲ್‌ಬಾಕ್ಸಿನಿಂದ ಸುತ್ತಿಗೆ ತೆಗೆದುಕೊಂಡಳು. ಸಾರಿನ ಸೌಟು ನನ್ನ ಕಣ್ಣಮುಂದೆ ಬಂದು ನಾನು ಇಬ್ಬರ ನಡುವೆ ಹೋದೆ. ಅವಳು ನನ್ನನ್ನು ಭುಜದಿಂದ ನೂಕಿ ಪೆಟ್ಟಿಗೆಯ ಗಾಜಿಗೆ ಬೀಸಿದಳು. ಗಾಜು ಒಂದೇ ಏಟಿಗೆ ಕುಸಿಯಿತು. ಪಿಂಗಾಣಿ ಹೀಟರುಗಳನ್ನು ಒಂದೊಂದಾಗಿ ಒಡೆದಳು. ಫ್ಯಾನನ್ನು ಕಿತ್ತು ನೆಲಕ್ಕೆ ಬಡಿದಳು. ಥರ್ಮೊಕೋಲಿನ ಬಿಳಿ ಚೂರು ಕೋಣೆಯೆಲ್ಲ ಹಾರಾಡಿತು. "ಯಾವಾಗ್ಲೂ! ಯಾವಾಗ್ಲೂ ನಿಮ್ಗೇ ಗೊತ್ತಿರೋದು! ಆಲ್ವೇಸ್!" ಪ್ರತಿ ಏಟಿಗೂ ಒಂದೊಂದು ಮಾತು. ಅವರು ಸ್ಟೂಲಿನಿಂದ ಏಳಲಿಲ್ಲ. ಗಾಜಿನ ಚೂರು ಕೆನ್ನೆಗೆ ಹೊಡೆದು ರಕ್ತ ಇಳಿದರೂ ಒರೆಸಿಕೊಳ್ಳಲಿಲ್ಲ. ಅವರ ಮನೆಯಲ್ಲಿ ಬೇರೆಯವರು ಸಾಮಾನು ಒಡೆಯುವುದನ್ನು ಅವರು ಕೂತು ನೋಡಿದ್ದು ಅದೇ ಮೊದಲು, ಅದೇ ಕೊನೆ.

ಒಡೆಯಲು ಏನೂ ಉಳಿಯದೆ ಅವಳು ನಿಂತಳು. ಏದುಸಿರು.

"ಐ ಆಮ್ ಪ್ಯಾಕಿಂಗ್," ಎಂದಳು.

"ಹೋಗು. ಆದ್ರ ದೊಡ್ಡದು ಮ್ಯಾಲ ಟಬ್ಬಿನಾಗ ಅದ. ರಾತ್ರಿ ಚಳಿಗೆ ಸಾಯ್ತದ. ಅದಕ್ಕೊಂದು ಜಾಗ ಮಾಡಿ ಹೋಗು." ಅವರು ಕಟ್ಟಿದ ಕೈಯಿಂದ ಗರಗಸ ತೋರಿಸಿದರು. "ಇನ್ನೊಂದು ವಾರ್ಡ್‌ರೋಬ್ ಅದ. ನನ್ನ ಕೈಲೆ ಆಗೂದಿಲ್ಲ. ಎಲ್ಲಿ ಕೊಯ್ಬೇಕು ನೀನ ಹೇಳು, ನೀನ ಕೊಯ್ಯಿ. ನಾ ಹಿಡೀತೀನಿ."

ಅವಳು ಸುತ್ತಿಗೆ ಕೆಳಗಿಟ್ಟು ಅವರ ಕೈಯನ್ನು ನೋಡಿದಳು. ನಾನು ಯಾರನ್ನೂ ಕೇಳದೆ ಬೆಡ್‌ರೂಮಿಗೆ ಹೋಗಿ, ಎರಡನೆಯ ವಾರ್ಡ್‌ರೋಬಿನ ಸೀರೆಗಳನ್ನು ತೆಗೆಯಲು ಶುರು ಮಾಡಿದೆ.

ಆ ಸಂಜೆ ಬಾತ್‌ರೂಮಿನಲ್ಲಿ ಆಯಿಲ್ ರೇಡಿಯೇಟರ್ ಇಟ್ಟು ಉಡವನ್ನು ಬೆಚ್ಚಗೆ ಉಳಿಸಿಕೊಂಡರು. ಮನೆ ಕಟ್ಟಲು ಮಾತ್ರ ಒಂದು ಸಂಜೆ ಸಾಲಲಿಲ್ಲ, ಹಾಗಾಗಿ ಅವಳು ಪ್ಯಾಕ್ ಮಾಡಲಿಲ್ಲ. ವಾರವೆಲ್ಲ ನಾವು ಅಡುಗೆಮನೆಯ ಸಿಂಕಿನಲ್ಲಿ ಮೈ ಒರೆಸಿಕೊಂಡೆವು. ಅವಳು ಎರಡು ವಾರ್ಡ್‌ರೋಬುಗಳನ್ನೂ ತುದಿಗೆ ತುದಿ ಜೋಡಿಸಿ, ನಡುವೆ ಕಂಡಿ ಕೊರೆದಳು. ಒಂದರಲ್ಲಿ ಚಪ್ಪಡಿ ಕಲ್ಲು, ಅದರ ನೆತ್ತಿಗೆ ಮಾತ್ರ ಲ್ಯಾಂಪು. ಇನ್ನೊಂದಕ್ಕೆ ಹೀಟರೇ ಇಲ್ಲ, ಮೊಣಕಾಲಿನತನಕ ಮಣ್ಣು. ಗಾರ್ಡನ್ ಸೆಂಟರಿನಿಂದ ಮೂಟೆ ಹೊತ್ತು ತಂದವರು ಇನ್‌ಫೆಕ್ಷನ್ ಅಂದಿದ್ದ ಅದೇ ಡಾಕ್ಟರು. ಕಟ್ಟುವಾಗಲೂ ಜಗಳವೇ. "ಸೊಟ್ಟ ಕೊಯ್ಲಿಕತ್ತೀ!" "ನೆಟ್ಟಗೆ ಹಿಡ್ಕೊಳ್ಳಿ ಅಪ್ಪಾ, ಫಾರ್ ಗಾಡ್ಸ್ ಸೇಕ್!" ಉಡವನ್ನು ಒಳಗೆ ಬಿಟ್ಟಾಗ ಕಲ್ಲಿನ ಮೇಲೆ ಸ್ವಲ್ಪ ಹೊತ್ತು ಕಾಸಿಕೊಂಡು, ಕಂಡಿ ದಾಟಿ, ಮಣ್ಣು ಬಗೆದು, ಬಾಲದ ತುದಿಯವರೆಗೂ ಒಳಗಿಳಿದು ಕಾಣದಾಯಿತು. ನಾವು ಮೂವರೂ ಬರಿಯ ಮಣ್ಣನ್ನು ನೋಡುತ್ತ ನಿಂತಿದ್ದೆವು.

ತಡವಾಗಿ ಹೊಲಿಗೆ ಹಾಕಿಸಿದ್ದಕ್ಕೆ ಅವರ ಹೆಬ್ಬೆರಳು ಮತ್ತೆ ಮಡಚಲಿಲ್ಲ. ತಾಟು ಎತ್ತಿ ಬೀಸಲು ಆ ಬೆರಳು ಬೇಕಂತೆ. ಶರ್ಟಿನ ತೋಳಿನ ಗುಂಡಿ ಹಾಕಲೂ ಬೇಕು. ನಾನು ಹಾಕಹೋದರೆ ಕೈ ಎಳೆದುಕೊಳ್ಳುತ್ತಿದ್ದರು. ಬೆಳಗ್ಗೆ ಮೆಟ್ರೊಪಾಲಿಟನ್ ಲೈನಿನ ರೈಲಿಗೆ ಓಡುವ ಮುಂಚೆ ಮಗಳು ಒಂದು ಕೈಯಲ್ಲಿ ಟೋಸ್ಟು ಹಿಡಿದು ಬಂದು, "ಕೊಡಿ ಇಲ್ಲಿ," ಎಂದು ಅವರ ಮಣಿಕಟ್ಟನ್ನು ಒರಟಾಗಿ ಹಿಡಿದು ಗುಂಡಿ ತೂರಿಸುತ್ತಿದ್ದಳು.

"ಹಗೂರ," ಎನ್ನುತ್ತಿದ್ದರು.

"ಸುಮ್ನಿರಿ," ಎನ್ನುತ್ತಿದ್ದಳು.

ಅವರು ತೀರಿಹೋಗುವವರೆಗೂ ಅವಳು ನಮ್ಮಲ್ಲೇ ಇದ್ದಳು. ನನ್ನ ಸೀರೆಗಳು ಇವತ್ತಿಗೂ ಮಂಚದ ಕೆಳಗಿನ ಸೂಟ್‌ಕೇಸುಗಳಲ್ಲಿವೆ. ಹೊಸ ವಾರ್ಡ್‌ರೋಬ್ ಕೊಡಿಸ್ತೀನಿ ಎಂದು ಅವಳು ಆಗಾಗ ಅನ್ನುತ್ತಾಳೆ. ಬೇಡ ಕಣೆ, ಜಾಗ ಎಲ್ಲಿದೆ, ಅನ್ನುತ್ತೇನೆ.